ರಿಮ್ ದೊಡ್ಡದಾದಷ್ಟೂ ಸೊಂಟಕ್ಕೆ ಪೆಟ್ಟು: ಕಾರಿಗೆ ಸರಿಯಾದ ಟೈರ್ ಸೈಜ್ ಆರಿಸುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಮ್ಮ ಹ್ಯಾಚ್‌ಬ್ಯಾಕ್ ಕಾರಿಗೆ 17 ಇಂಚಿನ ಅಲಾಯ್ ರಿಮ್ ಹಾಕಿಸಿದೆ. ರಿಮ್ ಅಂದರೆ ಟೈರ್ ಕೂರುವ ಲೋಹದ ಚಕ್ರ, ಅಲಾಯ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಂಪನಿಯಿಂದ ಬಂದಿದ್ದು 15 ಇಂಚಿನ ಸ್ಟೀಲ್ ರಿಮ್. ಮನೆ ಮುಂದೆ ನಿಂತಾಗ ಕಾರು ಭರ್ಜರಿಯಾಗಿ ಕಾಣುತ್ತಿತ್ತು. ಓಡುವಾಗಿನ ಕಥೆ ಬೇರೆ. ಮೊದಲ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ತುಮಕೂರಿನಿಂದ ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೊರಟೆ. ಕೊರಟಗೆರೆ ಬರುವಷ್ಟರಲ್ಲಿ ಹಿಂದೆ ಕೂತಿದ್ದ ಅಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು. ವಾಪಸ್ ಹೊರಡುವಾಗ "ನಾನು ಬಸ್ಸಲ್ಲಿ ಬರ್ತೀನಿ ಕಣೋ, ನೀನು ಹೋಗು" ಅಂದರು. ತಮಾಷೆಗೆ ಅಂದಿದ್ದಲ್ಲ.

ಮೂರನೇ ತಿಂಗಳು ಮಳೆ ನೀರು ತುಂಬಿದ್ದ ಒಂದು ಗುಂಡಿಗೆ ಎಡಗಡೆ ಮುಂದಿನ ಚಕ್ರ ಇಳಿಯಿತು. ಟಪ್ ಅಂತ ಒಂದೇ ಸದ್ದು. ಗಾಳಿ ಹೋಗಲಿಲ್ಲ, ಬದುಕಿದೆ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಒಳಗಿನ ದಾರದ ಪದರ ಹರಿದು, ಗಾಳಿ ಬರೀ ರಬ್ಬರನ್ನು ತಳ್ಳುತ್ತಿರುತ್ತದೆ. ಇಂಥ ಉಬ್ಬಿಗೆ ರಿಪೇರಿ ಇಲ್ಲ. ಯಾರಾದರೂ ಪ್ಯಾಚ್ ಹಾಕಿಕೊಡ್ತೀನಿ ಅಂದರೆ ನಂಬಬೇಡಿ, ಹೈವೇಯಲ್ಲಿ ಸಿಡಿಯುತ್ತದೆ.

ಆಮೇಲೆ ಮತ್ತೆ 15 ಇಂಚಿಗೇ ಬಂದೆ. ಆ ಮೂರು ತಿಂಗಳಲ್ಲಿ ಕಲಿತಿದ್ದನ್ನೂ, ಆಮೇಲೆ ನಾಲ್ಕಾರು ನೆಂಟರ ಕಾರುಗಳಿಗೆ ಟೈರ್ ಹಾಕಿಸುವಾಗ ಕಲಿತಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ: ದೊಡ್ಡ ಚಕ್ರ ಬೇರೆ, ದೊಡ್ಡ ರಿಮ್ ಬೇರೆ

"ದೊಡ್ಡ ವೀಲ್ ಹಾಕಿದ್ರೆ ಗುಂಡಿ ಗೊತ್ತಾಗಲ್ಲ" ಅನ್ನುವವರು ಬೇಕಾದಷ್ಟು ಜನ. ಅವರ ಮಾತಲ್ಲಿ ಅರ್ಧ ನಿಜ ಇದೆ.

ಎತ್ತಿನ ಗಾಡಿಯ ಚಕ್ರ ನೆನಪಿಸಿಕೊಳ್ಳಿ. ಅದು ಅಷ್ಟು ದೊಡ್ಡದು ಇದ್ದಿದ್ದರಿಂದಲೇ ಸಣ್ಣ ಹೊಂಡಕ್ಕೆ ಇಳಿಯದೆ ಮೇಲೆ ಉರುಳಿ ಹೋಗುತ್ತಿತ್ತು. ಆದರೆ ಸುತ್ತ ಇದ್ದಿದ್ದು ಕಬ್ಬಿಣದ ಪಟ್ಟಿ. ಒಂದು ಕಲ್ಲು ಸಿಕ್ಕರೂ ಕೂತವರ ಬೆನ್ನು ಮೂಳೆವರೆಗೆ ಗೊತ್ತಾಗುತ್ತಿತ್ತು. ಅಂದರೆ ಎರಡು ವಿಷಯ. ಹೊರ ಸುತ್ತು ದೊಡ್ಡದಿದ್ದರೆ ಗುಂಡಿ ದಾಟುವುದು ಸುಲಭ. ರಿಮ್‌ಗೂ ನೆಲಕ್ಕೂ ನಡುವೆ ಗಾಳಿ, ರಬ್ಬರ್ ಜಾಸ್ತಿ ಇದ್ದರೆ ಪೆಟ್ಟು ಮೆತ್ತಗಾಗುತ್ತದೆ.

ಕಾರಿನ ಬಾಡಿ ಒಳಗೆ ಹೊರ ಸುತ್ತಿಗೆ ಇರುವ ಜಾಗ ಇಷ್ಟೇ. ಅದನ್ನು ಜಾಸ್ತಿ ಮಾಡೋಕೆ ಆಗಲ್ಲ. ಹಾಗಾಗಿ ರಿಮ್ ಒಂದು ಇಂಚು ಬೆಳೆದರೆ ಆ ಜಾಗವನ್ನು ರಬ್ಬರಿನಿಂದಲೇ ಕಿತ್ತುಕೊಳ್ಳಬೇಕು. ನನ್ನ ಕಾರಿನಲ್ಲಿ ಆಗಿದ್ದು ಇದೇ. ಚಕ್ರ ಚೂರೂ ದೊಡ್ಡದಾಗಲಿಲ್ಲ, ಕಬ್ಬಿಣದ ಪಟ್ಟಿ ಮಾತ್ರ ನೆಲಕ್ಕೆ ಹತ್ತಿರ ಬಂತು.

ಹೆಜ್ಜೆ 1: ಟೈರ್ ಮೇಲಿನ ಬರಹ ಓದಿ

ಟೈರಿನ ಪಕ್ಕದ ಗೋಡೆಗೆ ಸೈಡ್‌ವಾಲ್ ಅಂತಾರೆ. ಅಲ್ಲಿ 185/65 ಆರ್15 88ಎಚ್ ಅನ್ನುವ ರೀತಿಯ ಒಂದು ಬರಹ ಇರುತ್ತದೆ. 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇಕಡಾ 65. ಬಹಳ ಜನ ಇದನ್ನೂ ಮಿಲಿಮೀಟರ್ ಅಂದುಕೊಳ್ಳುತ್ತಾರೆ, ಅಲ್ಲ. ಆರ್ ಅಂದರೆ ರೇಡಿಯಲ್, ಟೈರಿನ ಒಳಗಿನ ದಾರಗಳನ್ನು ಜೋಡಿಸಿದ ರೀತಿ. 15 ಅಂದರೆ ರಿಮ್ ಎಷ್ಟು ಇಂಚು ಅಂತ. 88 ಅನ್ನುವುದು ಭಾರದ ಸೂಚ್ಯಂಕ, ಒಂದು ಟೈರ್ 560 ಕೆಜಿ ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿಮೀ ವೇಗದವರೆಗೆ ತಡೆಯುತ್ತದೆ. ಎಸ್ 180, ಟಿ 190, ವಿ 240.

ಈಗ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲು ಹಾಕಿದಾಗ ಮುಚ್ಚಿಹೋಗುವ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಆ ಮಾಡೆಲ್‌ಗೆ ಕಂಪನಿ ಒಪ್ಪಿದ ಟೈರ್ ಸೈಜ್, ಎಷ್ಟು ಗಾಳಿ ಇರಬೇಕು ಅನ್ನುವುದು ಅದರಲ್ಲಿದೆ. ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದಾಗ ಈ ಫೋಟೋ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ಸೈಡ್‌ವಾಲ್ ಲೆಕ್ಕ ಹಾಕಿ

ಕ್ಯಾಲ್ಕುಲೇಟರ್ ಸಾಕು. ಅಗಲವನ್ನು ಶೇಕಡಾವಾರಿನಿಂದ ಗುಣಿಸಿದರೆ ಸೈಡ್‌ವಾಲ್. ಅದರ ಎರಡರಷ್ಟಕ್ಕೆ ರಿಮ್ ಅಳತೆ ಕೂಡಿಸಿದರೆ ಪೂರ್ತಿ ಚಕ್ರದ ವ್ಯಾಸ. ಒಂದು ಇಂಚು ಅಂದರೆ 25.4 ಮಿಮೀ.

185/65 ಆರ್15 ತಗೊಳ್ಳಿ. 185 ಗುಣಿಸು 0.65, ಅಂದರೆ 120 ಮಿಮೀ ಸೈಡ್‌ವಾಲ್. ರಿಮ್ 381 ಮಿಮೀ. ಒಟ್ಟು ವ್ಯಾಸ ಸುಮಾರು 621 ಮಿಮೀ. ಇದೇ ರೀತಿ ನಾಲ್ಕು ಸೈಜ್ ಪಕ್ಕ ಪಕ್ಕ ಇಟ್ಟು ನೋಡಿ:

165/80 ಆರ್14: ಸೈಡ್‌ವಾಲ್ 132 ಮಿಮೀ, ವ್ಯಾಸ 620
185/65 ಆರ್15: ಸೈಡ್‌ವಾಲ್ 120 ಮಿಮೀ, ವ್ಯಾಸ 621
195/55 ಆರ್16: ಸೈಡ್‌ವಾಲ್ 107 ಮಿಮೀ, ವ್ಯಾಸ 621
205/45 ಆರ್17: ಸೈಡ್‌ವಾಲ್ 92 ಮಿಮೀ, ವ್ಯಾಸ 616

ನಾಲ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಚಕ್ರಗಳು. ಮೊದಲ ಎರಡೂ ಮಾರುತಿ ಸ್ವಿಫ್ಟ್‌ನಲ್ಲಿ ಬರುವ ಸೈಜ್‌ಗಳೇ, ಕೆಳಗಿನ (ಕಡಿಮೆ ಬೆಲೆಯ) ವೇರಿಯಂಟ್‌ಗೆ 14, ಮೇಲಿನದಕ್ಕೆ 15. ಬಲೆನೊದಲ್ಲಿ 15 ಮತ್ತು 16 ಇವೆ. ಕೊನೆಯದು ನಾನು ಮಾಡಿಕೊಂಡ ಎಡವಟ್ಟು. 120 ಇದ್ದಿದ್ದು 92 ಆಯಿತು. ಹೆಬ್ಬೆರಳಿನ ಅಗಲಕ್ಕಿಂತ ಜಾಸ್ತಿ ರಬ್ಬರನ್ನು ದುಡ್ಡು ಕೊಟ್ಟು ಕಳೆದುಕೊಂಡಿದ್ದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಗಲ ಇದ್ದರೂ ದಪ್ಪ ಇರುತ್ತದೆ. ನನ್ನ ಟೈರ್ ದೋಸೆ ಆಗಿತ್ತು.

ಆದರೆ ರಿಮ್ 17 ಅಂದ ತಕ್ಷಣ ಗಡಸು ಅಂತ ತೀರ್ಮಾನ ಮಾಡಬೇಡಿ. ಕ್ರೆಟಾದ ಮೇಲಿನ ವೇರಿಯಂಟ್‌ನ 215/60 ಆರ್17 ಲೆಕ್ಕ ಹಾಕಿ. ಸೈಡ್‌ವಾಲ್ 129 ಮಿಮೀ, ವ್ಯಾಸ 690. ಹೊರ ಸುತ್ತೇ ದೊಡ್ಡದಾಗಿರುವುದರಿಂದ ರಿಮ್ ದೊಡ್ಡದಿದ್ದರೂ ರಬ್ಬರ್ ಉಳಿದಿದೆ. ಆದ್ದರಿಂದ ರಿಮ್ ಇಂಚು ಕೇಳಿ ಸುಮ್ಮನಾಗಬೇಡಿ, ಸೈಡ್‌ವಾಲ್ ಎಷ್ಟು ಅಂತ ನೋಡಿ. ನಮ್ಮ ಕಡೆಯ ರಸ್ತೆಗಳಿಗೆ, ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್ ಆದರೆ, 115 ಮಿಮೀಗಿಂತ ಕಡಿಮೆ ಇದ್ದರೆ ನಾನಂತೂ ಎರಡು ಸಲ ಯೋಚನೆ ಮಾಡುತ್ತೇನೆ. ಇದು ನನ್ನ ಅಂದಾಜು, ಯಾವ ಪುಸ್ತಕದ ನಿಯಮವೂ ಅಲ್ಲ.

ಹೆಜ್ಜೆ 3: ತೂಕ ನೋಡಿ

ಇದನ್ನು ಯಾರೂ ಹೇಳಲ್ಲ. ಅಲಾಯ್ ಅಂದರೆ ಹಗುರ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಒಂದೇ ಸೈಜ್‌ನ ಸ್ಟೀಲ್‌ಗೆ ಹೋಲಿಸಿದರೆ ಕೆಲವೊಮ್ಮೆ ಹೌದು. ಸೈಜ್ ಬೆಳೆಸಿದ ಅಗ್ಗದ ಅಲಾಯ್‌ಗೆ ಆ ಮಾತು ಅನ್ವಯಿಸಲ್ಲ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಬ್ಬ ಗೆಳೆಯನಿದ್ದಾನೆ. ಅವನ ಅಂಗಡಿಯಲ್ಲಿ ಮೂಟೆ ತೂಗುವ ತಕ್ಕಡಿ ಮೇಲೆ ಎರಡೂ ಚಕ್ರ ಇಟ್ಟು ನೋಡಿದೆವು. ಟೈರ್ ಸಮೇತ 15 ಇಂಚಿನ ಸ್ಟೀಲ್ ಚಕ್ರ ಹದಿನೈದೂವರೆ ಕೆಜಿ ತೋರಿಸಿತು. 17 ಇಂಚಿನ ಅಲಾಯ್ ಹತ್ತೊಂಬತ್ತೂವರೆ. ಒಂದೊಂದು ಮೂಲೆಗೂ ನಾಲ್ಕು ಕೆಜಿ ಜಾಸ್ತಿ.

ನಾಲ್ಕು ಕೆಜಿ ಏನು ಮಹಾ ಅನ್ನಿಸಬಹುದು. ಡಿಕ್ಕಿಯಲ್ಲಿ ಇಟ್ಟಿದ್ದರೆ ಏನೂ ಅಲ್ಲ. ಆದರೆ ಚಕ್ರ ಸ್ಪ್ರಿಂಗಿನ ಕೆಳಗಡೆ ಇರುವ ಭಾರ. ಉಬ್ಬು ಸಿಕ್ಕಾಗ ಚಕ್ರ ಮೇಲೆ ಹಾರಿ, ಮತ್ತೆ ಬೇಗ ನೆಲ ಮುಟ್ಟಬೇಕು. ಹಗುರ ಇದ್ದರೆ ಈ ಕೆಲಸ ಸದ್ದಿಲ್ಲದೆ ಆಗುತ್ತದೆ. ಭಾರ ಇದ್ದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಅದರ ಜೊತೆ ಗುದ್ದಾಡಬೇಕು. ಆ ಗುದ್ದಾಟ ಬಾಡಿಗೆ ಬರುತ್ತದೆ. ಕೆಸರು ಮೆತ್ತಿದ ಚಪ್ಪಲಿಯಲ್ಲಿ ಗದ್ದೆ ಬದುವಿನ ಮೇಲೆ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲಾಯ್ ಕೊಳ್ಳುವಾಗ ಒಂದರ ತೂಕ ಎಷ್ಟು ಅಂತ ಕೇಳಿ. ಉತ್ತರ ಕೊಡದಿದ್ದರೆ ತಕ್ಕಡಿ ಹುಡುಕಿ.

ಹೆಜ್ಜೆ 4: ದುಡ್ಡು ಖರ್ಚು ಮಾಡುವ ಮುಂಚೆ ಗಾಳಿ ಸರಿ ಮಾಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡ್ತೀನಿ ಅಂದರೆ ಇದನ್ನು ಮಾಡಿ.

ಟೈರಿನ ಗಡಸುತನ ಹೆಚ್ಚುಕಡಿಮೆ ಗಾಳಿಯ ಒತ್ತಡದ ಜೊತೆಗೇ ಏರುತ್ತದೆ. ಸ್ಟಿಕ್ಕರ್ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂದಿರುವ ಕಡೆ 40 ಹೊಡೆಸಿದರೆ, ನೀವೇ ದುಡ್ಡಿಲ್ಲದೆ ಟೈರನ್ನು ಕಲ್ಲು ಮಾಡಿಕೊಂಡ ಹಾಗೆ. ಬಂಕ್‌ನಲ್ಲಿ "35 ಹಾಕ್ಲಾ ಸಾರ್, 40 ಹಾಕ್ಲಾ" ಅಂತ ಕೇಳುವ ಹುಡುಗನಿಗೆ ನಿಮ್ಮ ಕಾರಿನ ಲೆಕ್ಕ ಗೊತ್ತಿರಲ್ಲ. ನಿಮಗೆ ಗೊತ್ತಿರಬೇಕು.

ಗಾಳಿಯ ಒತ್ತಡ ಅಳೆಯುವ ಒಂದು ಗೇಜ್ ಕೊಂಡುಕೊಳ್ಳಿ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಸ್ಟಿಕ್ಕರ್ ಮೇಲಿನ ಅಂಕಿ ತಣ್ಣಗಿನ ಟೈರಿಗೆ. ಬೆಂಗಳೂರಿನಿಂದ ಎಪ್ಪತ್ತು ಕಿಮೀ ಓಡಿಸಿಕೊಂಡು ಬಂದು ತುಮಕೂರಿನ ಬಟವಾಡಿ ಹತ್ತಿರ ಚೆಕ್ ಮಾಡಿದರೆ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ. ಆ ಬಿಸಿಯಲ್ಲಿ ಗಾಳಿ ಬಿಟ್ಟರೆ ಮಾರನೇ ದಿನ ಕಡಿಮೆ ಆಗಿರುತ್ತದೆ. ಹಾಗೆ ಮಾಡಬೇಡಿ. ಸುತ್ತಲಿನ ಶಾಖ ಸುಮಾರು ಐದಾರು ಡಿಗ್ರಿ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಡಿಸೆಂಬರ್ ಚಳಿಯಲ್ಲಿ ಸರಿ ಮಾಡಿದ್ದು ಏಪ್ರಿಲ್‌ನಲ್ಲಿ ಪಾವಗಡದ ಬಿಸಿಲಿಗೆ ಹಾಗೇ ಇರಲ್ಲ. ತಿಂಗಳಿಗೊಮ್ಮೆ ನೋಡಲೇಬೇಕು.

ಸೈಡ್‌ವಾಲ್ ಮೇಲೆ 44 ಅಥವಾ 51 ಪಿಎಸ್‌ಐ ಅಂತ ಬರೆದಿರುತ್ತದೆ. ಅದು ಟೈರ್ ತಡೆಯುವ ಗರಿಷ್ಠ ಮಿತಿ, ನೀವು ಹಾಕಬೇಕಾದ್ದಲ್ಲ. ಹಾಗಂತ ಮೆತ್ತಗಿರಲಿ ಅಂತ ಸ್ಟಿಕ್ಕರ್‌ಗಿಂತ ಕೆಳಗೂ ಇಳಿಸಬೇಡಿ. ಟೈರ್ ಬಿಸಿಯಾಗುತ್ತದೆ, ಎರಡೂ ಅಂಚು ಸವೆಯುತ್ತದೆ, ಗುಂಡಿಯಲ್ಲಿ ರಿಮ್ ಬೇಗ ನೆಲಕ್ಕೆ ತಾಗುತ್ತದೆ. ಐದು ಜನ ಮತ್ತು ಸಾಮಾನು ತುಂಬಿಕೊಂಡು ಜಾತ್ರೆಗೋ ಮದುವೆಗೋ ಹೊರಟಾಗ ಹಿಂದಿನ ಟೈರಿಗೆ ಸ್ಟಿಕ್ಕರ್ ಹೇಳಿದ ಫುಲ್ ಲೋಡ್ ಅಂಕಿ ಹಾಕಿ, ಬಂದ ಮೇಲೆ ಇಳಿಸಿ.

ನೈಟ್ರೋಜನ್ ಹಾಕಿಸಿದರೆ ಸವಾರಿ ಮೆತ್ತಗಾಗುತ್ತಾ? ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ.

ಹೆಜ್ಜೆ 5: ತಪ್ಪು ಟೈರಿನದಾ, ಸಸ್ಪೆನ್ಷನ್‌ದಾ ಅಂತ ಕಂಡುಹಿಡಿಯಿರಿ

ಎಲ್ಲ ಕುಲುಕಾಟಕ್ಕೂ ಟೈರ್ ಕಾರಣ ಅಲ್ಲ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಸಸ್ಪೆನ್ಷನ್ ಕೂಡ ಕಾರಣ ಇರಬಹುದು. ಗಾಳಿ ಸರಿ ಮಾಡಿಕೊಂಡು ಒಂದು ರೌಂಡ್ ಹೋಗಿ. ಬೇರೆ ಯಾರಾದರೂ ಓಡಿಸಲಿ, ನೀವು ಹಿಂದಿನ ಸೀಟಿನಲ್ಲಿ ಕೂರಿ. ಸ್ಟೀರಿಂಗ್ ಹಿಡಿದವರಿಗೆ ಮುಂದಿನ ಗುಂಡಿ ಕಾಣುತ್ತದೆ, ಮೈ ತಾನಾಗೇ ಗಟ್ಟಿ ಮಾಡಿಕೊಂಡಿರುತ್ತಾರೆ. ಹಿಂದೆ ಕೂತವರಿಗೇ ಸತ್ಯ ಗೊತ್ತಾಗುವುದು. ಅಮ್ಮನಿಗೆ ಮೊದಲು ಗೊತ್ತಾಗಿದ್ದು ಅದಕ್ಕೇ.

ಹೈವೇ ಟೋಲ್ ಬರುವ ಮುಂಚೆ ರಸ್ತೆಗೆ ಅಡ್ಡ ದಪ್ಪ ಬಿಳಿ ಪಟ್ಟಿಗಳನ್ನು ಹಾಕಿರುತ್ತಾರಲ್ಲ, ಅದು ಒಳ್ಳೆಯ ಪರೀಕ್ಷೆ. ನಲವತ್ತರ ವೇಗದಲ್ಲಿ ದಾಟಿ. ಡರ್ ಡರ್ ಅಂತ ಹಲ್ಲು ಕಡಿಯುವ ಹಾಗೆ ಬಂದರೆ ಅದು ಟೈರಿನ ಕೆಲಸ. ಸಣ್ಣ, ಚೂಪು ಅಂಚಿನ ಪೆಟ್ಟನ್ನು ಮೊದಲು ನುಂಗಬೇಕಾದ್ದು ಸೈಡ್‌ವಾಲ್. ಕಿತ್ತ ಟಾರಿನ ಅಂಚು, ಸೇತುವೆ ಜಾಯಿಂಟ್, ಜಲ್ಲಿ ರಸ್ತೆ ಎಲ್ಲ ಇದೇ ಜಾತಿ.

ದೊಡ್ಡ ಹಂಪ್ ಇಳಿದ ಮೇಲೆ ಕಾರು ಎರಡು ಮೂರು ಸಲ ತೇಲಾಡಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಟೈರ್ ಬದಲಿಸಿದರೆ ಅದು ಸರಿ ಹೋಗಲ್ಲ. ನಿಧಾನವಾಗಿ ಗುಂಡಿ ಇಳಿದಾಗ ಕಟ ಕಟ ಸದ್ದು ಬಂದರೆ ಸಸ್ಪೆನ್ಷನ್‌ನ ಬುಶ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಮೆಕ್ಯಾನಿಕ್‌ಗೆ ತೋರಿಸಿ. ಎಂಬತ್ತು, ನೂರರಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕದ ಸಮತೋಲನ) ಹೋಗಿದೆ ಅಥವಾ ರಿಮ್ ಬೆಂಡ್ ಆಗಿದೆ. ಕೈ ಬಿಟ್ಟಾಗ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ತಪ್ಪಿದೆ.

ಇನ್ನೊಂದು: ಟೈರಿನ ವಯಸ್ಸು. ಸೈಡ್‌ವಾಲ್ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಗೆರೆ ಚೆನ್ನಾಗಿದ್ದರೂ ಆರೇಳು ವರ್ಷದ ಟೈರ್ ಗಡಸಾಗಿ ಓಡುತ್ತದೆ. ಎಷ್ಟೋ ಸಲ ಅದೇ ಸೈಜ್‌ನ ಹೊಸ ಟೈರ್ ಹಾಕಿದರೆ ಸಾಕು, ಕಾರು ಬದಲಾದ ಹಾಗೆ ಆಗುತ್ತದೆ.

ಹೆಜ್ಜೆ 6: ಹೊಸ ಸೈಜ್ ಆರಿಸಿ

ಎಲ್ಲ ನೋಡಿದ ಮೇಲೂ ಸೈಜ್ ಬದಲಿಸಬೇಕು ಅನ್ನಿಸಿದರೆ, ಸುಲಭದ ದಾರಿ ಒಂದಿದೆ. ನಿಮ್ಮದೇ ಮಾಡೆಲ್‌ನ ಕೆಳಗಿನ ವೇರಿಯಂಟ್‌ಗೆ ಕಂಪನಿ ಯಾವ ಸೈಜ್ ಕೊಟ್ಟಿದೆ ನೋಡಿ. 16 ಇಂಚಿನ 195/55 ಇರುವ ಕಾರಿಗೆ ಕಂಪನಿಯೇ 15 ಇಂಚಿನ 185/65 ಕೂಡ ಕೊಟ್ಟಿದ್ದರೆ ಅರ್ಧ ತಲೆನೋವು ಮುಗಿಯಿತು. ವ್ಯಾಸ ಒಂದೇ, ಹದಿಮೂರು ಮಿಮೀ ರಬ್ಬರ್ ಲಾಭ. ಕಾನೂನಿನ ಕಡೆಯಿಂದಲೂ ಇದೇ ಕ್ಷೇಮ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿ ಮಾರ್ಪಡಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಆಮೇಲೆ ಅಲೆಯುವುದಕ್ಕಿಂತ ಸ್ಟಿಕ್ಕರ್ ಒಳಗೇ ಇರುವುದು ಮೇಲು.

ಚಿಕ್ಕ ರಿಮ್ ಹಾಕುವ ಮುಂಚೆ ಬ್ರೇಕ್ ನೋಡಿ. ಮೇಲಿನ ವೇರಿಯಂಟ್‌ನಲ್ಲಿ ಡಿಸ್ಕ್ ದೊಡ್ಡದಿದ್ದರೆ ಚಿಕ್ಕ ರಿಮ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗಕ್ಕೆ) ತಗುಲುತ್ತದೆ. ಟೈರ್ ಇಲ್ಲದ ಖಾಲಿ ರಿಮ್ ಒಂದನ್ನು ಹಾಕಿ, ಕೈಯಲ್ಲಿ ತಿರುಗಿಸಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬೋಲ್ಟ್ ತೂತುಗಳ ಅಳತೆ ಹೊಂದಬೇಕು, ಸ್ವಿಫ್ಟ್‌ಗೆ ಅದು 4x100, ಅಂದರೆ 100 ಮಿಮೀ ವ್ಯಾಸದ ವೃತ್ತದ ಮೇಲೆ ನಾಲ್ಕು ತೂತು. ನಡುವಿನ ದೊಡ್ಡ ತೂತು ಹಬ್ (ಕಾರಿನ ಕಡೆ ಚಕ್ರ ಕೂರುವ ಭಾಗ) ಮೇಲೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗಲ್ಲ. ರಿಮ್ ಒಳಕ್ಕೋ ಹೊರಕ್ಕೋ ಎಷ್ಟು ಸರಿದು ಕೂರುತ್ತದೆ ಅನ್ನುವ ಅಳತೆಗೆ ಆಫ್‌ಸೆಟ್ ಅಂತಾರೆ, ಅದು ಕೂಡ ಹಳೆಯದರಷ್ಟೇ ಇರಲಿ.

ರಿಮ್ ಹಾಗೇ ಇಟ್ಟು ಟೈರ್ ಮಾತ್ರ ಒಂದು ಸೈಜ್ ಏರಿಸುವವರು ಜಾಸ್ತಿ. 185/65 ಆರ್15 ತೆಗೆದು 195/65 ಆರ್15. ಸೈಡ್‌ವಾಲ್ 127 ಆಗುತ್ತದೆ, ವ್ಯಾಸ ಶೇಕಡಾ 2.1 ಜಾಸ್ತಿ, ಕಾರು ಆರೂವರೆ ಮಿಮೀ ಎತ್ತರ. ಮೀಟರ್ 100 ತೋರಿಸುವಾಗ ಮೊದಲಿಗಿಂತ ಎರಡು ಕಿಮೀ ಜಾಸ್ತಿ ಓಡುತ್ತಿರುತ್ತೀರಿ. ಸವಾರಿ ನಿಜಕ್ಕೂ ಮೆತ್ತಗಾಗುತ್ತದೆ. ಆದರೆ ಕಂಪನಿ ಪಟ್ಟಿಯಲ್ಲಿ ಈ ಸೈಜ್ ಇದೆಯಾ ನೋಡಿ. ರಿಮ್ ಅಗಲ ಐದೂವರೆ ಇಂಚಾದರೂ ಇರಬೇಕು. ಹಿಂದೆ ಮೂರು ಜನ ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಎಲ್ಲಾದರೂ ಉಜ್ಜುತ್ತದಾ ಅಂತ ಕೇಳಿಸಿಕೊಳ್ಳಿ. 205/65 ಹಾಕಿದರೆ ವ್ಯಾಸ ಶೇಕಡಾ 4ಕ್ಕಿಂತ ಜಾಸ್ತಿ ಬದಲಾಗುತ್ತದೆ, ಆ ಕಡೆ ಹೋಗಲೇಬೇಡಿ. ಭಾರದ ಸೂಚ್ಯಂಕ, ವೇಗದ ಅಕ್ಷರ ಎರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು.

ಒಂದೇ ಸೈಜ್‌ನಲ್ಲೂ ಮೆತ್ತಗಿನ ಟೈರ್, ಗಡಸು ಟೈರ್ ಇರುತ್ತವೆ. ಎಕ್ಸ್‌ಎಲ್ ಅಂತ ಬರೆದಿದ್ದರೆ ಜಾಸ್ತಿ ಭಾರಕ್ಕೆ ಮಾಡಿದ್ದು, ಸೈಡ್‌ವಾಲ್ ಗಡಸಾಗಿರುವುದೇ ಹೆಚ್ಚು. ಸ್ಪೋರ್ಟ್ ಅನ್ನುವ ಹೆಸರಿನವೂ ಸಾಮಾನ್ಯವಾಗಿ ಹಾಗೇ. ಅಂಗಡಿಯಲ್ಲಿ ಆರಾಮಕ್ಕೆ ಮಾಡಿದ್ದು ಕೊಡಿ ಅಂತ ಬಾಯಿಬಿಟ್ಟು ಕೇಳಿ.

ದಪ್ಪ ಸೈಡ್‌ವಾಲ್‌ನಲ್ಲಿ ಕಳೆದುಕೊಳ್ಳುವುದೂ ಇದೆ. ದೇವರಾಯನದುರ್ಗದ ತಿರುವುಗಳಲ್ಲಿ 17 ಇಂಚಿನ ಟೈರ್ ಹೇಳಿದ ಕಡೆ ತಿರುಗುತ್ತಿತ್ತು. 15 ಇಂಚಿನದು ಒಂದು ಕ್ಷಣ ವಾಲಿ ಆಮೇಲೆ ತಿರುಗುತ್ತದೆ. ಬರೀ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿ ಬರುವವರಿಗೆ, ಒಬ್ಬರೇ ಓಡಿಸುವವರಿಗೆ, 16 ಇಂಚು ಖುಷಿ ಕೊಡಬಹುದು. ನನ್ನ ಓಡಾಟ ಗುಬ್ಬಿ, ಕುಣಿಗಲ್, ಮಧುಗಿರಿ ಕಡೆಯ ಒಳ ರಸ್ತೆಗಳಲ್ಲಿ. ಅಲ್ಲಿ ರಾತ್ರಿ ಟೈರ್ ಹರಿದರೆ 14, 15 ಇಂಚಿನದು ಎಲ್ಲಾದರೂ ಸಿಗುತ್ತದೆ. 205/45 ಆರ್17 ಕೇಳಿದರೆ ಪಂಚರ್ ಅಂಗಡಿಯವರು ಮುಖ ನೋಡುತ್ತಾರೆ. ಸ್ಟೀಲ್ ರಿಮ್ ಬೆಂಡ್ ಆದರೆ ಬಡಿದು ಸರಿ ಮಾಡುತ್ತಾರೆ, ಅಲಾಯ್ ಬಿರುಕು ಬಿಡುತ್ತದೆ. ಬಾಡಿಗೆ ಓಡಿಸುವವರು ಯಾಕೆ ಸ್ಟೀಲ್ ರಿಮ್ ಬಿಡಲ್ಲ ಅಂತ ನನಗೆ ಆಗ ಹೊಳೆಯಿತು.

ಹೆಜ್ಜೆ 7: ಹಾಕಿಸುವ ದಿನ

ಆದಷ್ಟೂ ನಾಲ್ಕೂ ಒಂದೇ ಸಲ ಬದಲಿಸಿ. ಎರಡೇ ಕೊಳ್ಳುವುದಾದರೆ, ಸೈಜ್ ಹಳೆಯದೇ ಇರಲಿ, ಹೊಸದನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ. ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಆದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ನಟ್‌ಗಳನ್ನು ಬಿಗಿಯುವ ಗನ್‌ನಿಂದ ಸುಮ್ನೆ ಬಿಗಿದುಬಿಡುತ್ತಾರೆ, ಕೊನೆಗೆ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಹಿಡಿಯಲು ಹೇಳಿ. ಹೊರಡುವ ಮುಂಚೆ ನಿಮ್ಮ ಗೇಜ್ ತೆಗೆದು ನಾಲ್ಕೂ ನೋಡಿ. ಟೈರ್ ರಿಮ್ ಮೇಲೆ ಕೂರಲಿ ಅಂತ ಅಂಗಡಿಯವರು ಜಾಸ್ತಿ ಹೊಡೆದಿರುತ್ತಾರೆ, ಇಳಿಸಲು ಮರೆತಿರುತ್ತಾರೆ. ನನಗೆ ಒಮ್ಮೆ 42 ಇಟ್ಟು ಕಳಿಸಿದ್ದರು. ಹೊಸ ಟೈರ್ ಇಷ್ಟು ಗಡಸಾ ಅಂತ ಒಂದು ವಾರ ಗೊಣಗಿಕೊಂಡು ಓಡಿಸಿದೆ.

ಮೊದಲ ನೂರಿನ್ನೂರು ಕಿಮೀ ನಿಧಾನ. ಹೊಸ ರಬ್ಬರ್ ಮೇಲಿನ ಜಾರು ಪದರ ಸವೆಯಬೇಕು. ನೂರು ಕಿಮೀ ಒಳಗೆ ಒಮ್ಮೆ ನಟ್ ಬಿಗಿ ನೋಡಿಸಿ.

ಕೊನೆಗೆ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ನಾಲ್ಕು ಚಕ್ರದ ಸೈಜ್ ಬದಲಿಸಿ ಅದನ್ನು ಮರೆಯುವವರೇ ಜಾಸ್ತಿ. ವ್ಯಾಸ ಹೊಂದುತ್ತದಾ, ಹೊಸ ರಿಮ್‌ಗೆ ಬೇರೆ ನಟ್ ಬಂದಿದ್ದರೆ ಸ್ಟೆಪ್ನಿಗೆ ಹಳೆ ನಟ್ ಎತ್ತಿಟ್ಟಿದ್ದೀರಾ ಅಂತ ನೋಡಿ. ಅದಕ್ಕೂ ಗೇಜ್ ಹಾಕಿ. ನನ್ನ ಸ್ಟೆಪ್ನಿಯಲ್ಲಿ ಅವತ್ತು ಇದ್ದಿದ್ದು 12 ಪಿಎಸ್‌ಐ.